ಸೌದೆಯ ಒಲೆಯೂ ಹೊಲದ ಗೊಬ್ಬರವೂ

ಪೀಠಿಕೆ

ಬೇಸಾಯಗಾರನು ಬಿತ್ತನೆಯ ಬೀಜವನ್ನು ಅಳೆಯುತ್ತಾನೆ. ಗೊಬ್ಬರದ ಗಾಡಿಗಳನ್ನು ಎಣಿಸುತ್ತಾನೆ. ಕೂಲಿಯ ಲೆಕ್ಕವನ್ನು ಬರೆದಿಡುತ್ತಾನೆ. ಆದರೆ ವರ್ಷವೊಂದಕ್ಕೆ ತನ್ನ ಮನೆಯ ಒಲೆಗಳಲ್ಲಿ ಎಷ್ಟು ತೂಕದ ಸೌದೆಯೂ ಕುಳ್ಳೂ ಉರಿದುಹೋಗುತ್ತವೆಂಬುದನ್ನು ತಿಳಿದವರು ವಿರಳ. ಒಲೆಯ ವಿಚಾರವು ಹೆಂಗಸರಿಗೆ ಸೇರಿದ್ದು, ಹೊಲದ ವಿಚಾರವು ಗಂಡಸರಿಗೆ ಸೇರಿದ್ದು ಎಂಬ ಭಾವನೆಯೇ ಇದಕ್ಕೆ ಕಾರಣ. ವಾಸ್ತವವಾಗಿ ಇವೆರಡೂ ಒಂದೇ ಲೆಕ್ಕದ ಎರಡು ಪುಟಗಳು. ಒಲೆಯು ಸೌದೆಯನ್ನು ವ್ಯರ್ಥಮಾಡಿದರೆ ಸೌದೆಗೆ ಬದಲಾಗಿ ಕುಳ್ಳು ಬೇಕಾಗುವುದು. ಕುಳ್ಳು ಉರಿದರೆ ಹೊಲಕ್ಕೆ ಗೊಬ್ಬರವಿಲ್ಲ. ಗೊಬ್ಬರವಿಲ್ಲದ ಹೊಲವು ಮನೆಯನ್ನು ಸಾಕಲಾರದು.

2016ನೆಯ ಇಸವಿ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯ ತರುವಾಯ ಅನಿಲದ ಒಲೆಯು ಬಡವರ ಮನೆಗಳಿಗೂ ಬಂದಿದೆ. ಆದರೂ ಬಚ್ಚಲ ನೀರು, ರೊಟ್ಟಿ, ಹಬ್ಬ ಮದುವೆಗಳ ಅಡಿಗೆ, ದನಗಳಿಗೆ ಹುರುಳಿ ಬೇಯಿಸುವುದು ಮೊದಲಾದ ಕೆಲಸಗಳು ಅನೇಕ ಮನೆಗಳಲ್ಲಿ ಇಂದಿಗೂ ಸೌದೆಯ ಉರಿಯಿಂದಲೇ ನಡೆಯುತ್ತವೆ. ಆದಕಾರಣ ಸೌದೆಯನ್ನು ಉರಿಸುವವರು ಅದನ್ನು ತಿಳಿದು ಉರಿಸುವುದು ಯುಕ್ತವು.

ನಾಲ್ಕು ತಾಲ್ಲೂಕುಗಳ ಸ್ಥಿತಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಉರುವಲಿನ ಸ್ಥಿತಿಯು ಒಂದೇ ಬಗೆಯಾಗಿಲ್ಲ. ಚನ್ನಗಿರಿಯ ಕಡೆ ಅಡಿಕೆ ತೋಟಗಳು ಹೆಚ್ಚು. ಅಲ್ಲಿ ಸೋಗೆ, ಹಾಳೆ, ಒಣಗಿದ ಮರ, ತೆಂಗಿನ ಮಟ್ಟೆ ಇವು ದೊರೆಯುವುವು. ಆದರೆ ಕೊಯ್ಲಿನ ಕಾಲದಲ್ಲಿ ಸುಲಿದ ಹಸಿ ಅಡಿಕೆಯನ್ನು ಬೇಯಿಸುವ ದೊಡ್ಡ ಹಂಡೆಗಳಿಗೆ ಬೇಕಾಗುವ ಸೌದೆಯೂ ಅಪಾರ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಗದ್ದೆಯ ಭೂಮಿ ಹೆಚ್ಚು. ಬತ್ತದ ಹುಲ್ಲು ದನಕ್ಕೆ ಬೇಕೇ ಹೊರತು ಒಲೆಗೆ ಬಾರದು. ಹಿಂದೆ ಹೊನ್ನಾಳಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯಲ್ಲಿ ಮೆಕ್ಕೆಜೋಳದ ಬೆಳೆಯಿರುವುದರಿಂದ ಕಾಳು ಬಿಡಿಸಿದ ತೆನೆಯ ಬೆಂಡುಗಳು ರಾಶಿಯಾಗಿ ಸಿಕ್ಕುವುವು. ಮಳೆ ಕಡಮೆಯಾದ ಜಗಳೂರಿನಲ್ಲಿ ತೊಗರಿ ಕಟ್ಟಿಗೆ, ಬಳ್ಳಾರಿ ಜಾಲಿ ಮತ್ತು ಕುಳ್ಳುಗಳೇ ಬಡವರ ಆಧಾರ. ಆ ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ಕೊಂಡುಕುರಿಯ ರಕ್ಷಣೆಗಾಗಿ 2011ರಲ್ಲಿ ವನ್ಯಧಾಮವೆನಿಸಿತು. ಅಲ್ಲಿಂದ ಮರ ಕಡಿದು ತರುವುದು ಕಾನೂನಿಗೆ ವಿರುದ್ಧವು. ಹೀಗೆ ನಾಲ್ಕು ಕಡೆಗಳಲ್ಲಿಯೂ ಕಾಡಿನಿಂದ ಬರುವ ಹೊರೆ ಕಡಮೆಯಾಗುತ್ತಿರಲು, ಒಲೆಯ ಸುಧಾರಣೆಯೂ ಹೊಲದ ಬದುವಿನಲ್ಲಿ ಸೌದೆ ಬೆಳೆಯುವುದೂ ಅವಶ್ಯವಾಗಿವೆ.

1. ಸೌದೆಯು ಉರಿಯುವ ಬಗೆ

ಸೌದೆಯು ಕಾದಾಗ ಮೊದಲು ಅದರಲ್ಲಿರುವ ನೀರು ಆವಿಯಾಗುವುದು. ಆಮೇಲೆ ಮರದ ಪದಾರ್ಥವೇ ಒಡೆದು ಉರಿಯತಕ್ಕ ಆವಿಗಳಾಗಿ ಹೊರಬರುವುದು. ಒಣ ಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಈ ರೀತಿ ಆವಿಯಾಗಿ ಹೊರಡುತ್ತದೆ. ಉಳಿದದ್ದು ಇದ್ದಲಾಗಿ ಕೆಂಡವಾಗಿ ಉರಿದು ಬೂದಿಯಾಗುವುದು. ಜ್ವಾಲೆಯೆಂದು ನಾವು ಕರೆಯುವುದು ಉರಿಯುವ ಆವಿಯೇ. ಆ ಆವಿಗೆ ಸಾಕಷ್ಟು ಕಾವೂ ಸಾಕಷ್ಟು ಗಾಳಿಯೂ ದೊರೆತರೆ ಅದು ಪೂರ್ತಿಯಾಗಿ ಉರಿಯುವುದು. ಇವೆರಡರಲ್ಲಿ ಯಾವುದು ಕಡಮೆಯಾದರೂ ಅದು ಹೊಗೆಯಾಗಿ ಹೊರಟುಹೋಗುವುದು.

ಹೊಗೆಯೆಂದರೆ ಉರಿಯದೆ ಉಳಿದ ಸೌದೆ ಎಂಬುದನ್ನು ಮನಗಾಣಲು ದೂರ ಹೋಗಬೇಕಾಗಿಲ್ಲ. ಚನ್ನಗಿರಿಗೆ ನೆರೆಯಲ್ಲಿರುವ ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಮೊದಲಲ್ಲಿ ಸೌದೆಯ ಇದ್ದಲಿನಿಂದ ಕಬ್ಬಿಣವನ್ನು ಕರಗಿಸುತ್ತಿತ್ತು. ಅಲ್ಲಿ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಡುವ ಆವಿಯನ್ನು ಗಾಳಿಗೆ ಬಿಡದೆ ತಣಿಸಿ, ಟಾರು, ಮರದ ಮದ್ಯಸಾರ ಮೊದಲಾದ ಬೆಲೆಯುಳ್ಳ ಪದಾರ್ಥಗಳನ್ನು ಪಡೆಯುತ್ತಿದ್ದರು. ಕಾರ್ಖಾನೆಯವರು ಹಣಮಾಡಿಕೊಂಡ ಅದೇ ಪದಾರ್ಥವು ನಮ್ಮ ಅಡಿಗೆಮನೆಗಳಲ್ಲಿ ಜಂತಿಗೆ ಮಸಿಯಾಗಿಯೂ ಮಾಡಿಗೆ ಇಲ್ಲಣವಾಗಿಯೂ ಅಡಿಗೆ ಮಾಡುವವಳ ಕಣ್ಣಿಗೆ ಉರಿಯಾಗಿಯೂ ಪರಿಣಮಿಸುತ್ತದೆ.

2. ಹಸಿ ಸೌದೆ, ಒಣ ಸೌದೆ

ಆಗತಾನೆ ಕಡಿದ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುವುದು. ಒಂದು ತಂಬಿಗೆ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾಗುವ ಶಾಖದ ಏಳರಷ್ಟು ಶಾಖವು ಆ ಕುದಿನೀರನ್ನು ಪೂರ್ತಿಯಾಗಿ ಆವಿಮಾಡಲು ಬೇಕು. ಹಸಿ ಸೌದೆಯನ್ನು ಒಲೆಗಿಟ್ಟವನು ಅನ್ನ ಬೇಯಿಸುವುದಕ್ಕೆ ಮೊದಲು ಸೌದೆಯನ್ನೇ ಬೇಯಿಸುತ್ತಾನೆ. ಒಂದು ಕಿಲೋಗ್ರಾಂ ಚೆನ್ನಾಗಿ ಒಣಗಿದ ಸೌದೆಯಿಂದ ಸುಮಾರು 3,500 ಕಿಲೋ ಕ್ಯಾಲೊರಿ ಶಾಖ ಹೊರಟರೆ, ಅಷ್ಟೇ ತೂಕದ ಹಸಿ ಸೌದೆಯಿಂದ ಸುಮಾರು 2,000 ಮಾತ್ರ ಹೊರಡುವುದು. ಮೇಲಾಗಿ ಕಾವು ಇಳಿಯುವುದರಿಂದ ಆವಿಯು ಉರಿಯದೆ ಹೊಗೆ ಹೆಚ್ಚುವುದು. ತೂಕದ ಮೇಲೆ ಸೌದೆ ಕೊಳ್ಳುವವರು ಹಸಿ ಸೌದೆ ಕೊಂಡರೆ ಅರ್ಧ ಹಣವನ್ನು ನೀರಿಗೆ ಕೊಟ್ಟಂತೆಯೇ ಸರಿ.

ಆದಕಾರಣ ಸೌದೆಯನ್ನು ಪುಷ್ಯ ಮಾಘ ಮಾಸಗಳಲ್ಲಿ ಕಡಿದು, ಮಣಿಕಟ್ಟಿಗಿಂತ ದಪ್ಪವಾಗದಂತೆ ಸೀಳಿ, ನೆಲಕ್ಕೆ ತಾಗದಂತೆ ಎರಡು ಅಡ್ಡಮರಗಳ ಮೇಲೆ ಸಂದು ಬಿಟ್ಟು ಒಟ್ಟಿ, ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಬೇಕು. ಮುಂಗಾರು ಮಳೆಗೆ ಮೊದಲೇ ಅದನ್ನು ಸೂರಿನ ಕೆಳಗೆ ಸೇರಿಸತಕ್ಕದ್ದು. ಒಣಗಿದ ಸೌದೆಯ ತುದಿಗಳಲ್ಲಿ ಬಿರುಕುಗಳು ಕಾಣುವುವು. ತೊಗಟೆ ಸುಲಭವಾಗಿ ಕಳಚುವುದು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಮಂದವಾದ ಶಬ್ದದ ಬದಲು ಗಟ್ಟಿಯಾದ ನಾದ ಬರುವುದು.

3. ಒಲೆಯ ರಚನೆ

ಮೂರು ಕಲ್ಲಿನ ಒಲೆಯಲ್ಲಿ ಉರಿಯ ಶಾಖದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರ ಪಾತ್ರೆಗೆ ಸೇರುವುದು ಸಾಮಾನ್ಯ. ಮಿಕ್ಕದ್ದು ಗಾಳಿಗೂ ಗೋಡೆಗೂ ನೆಲಕ್ಕೂ ಹೋಗುವುದು. ಇದನ್ನು ತಡೆಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ಅಸ್ತ್ರ ಎಂಬ ಗ್ರಾಮತಂತ್ರ ವಿಭಾಗದವರು 1980ರ ದಶಕದ ಮೊದಲಲ್ಲಿ ಮೂರು ಪಾತ್ರೆಗಳ ಒಂದು ಮಣ್ಣಿನ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆಯೆಂದು ಹೆಸರಾದ ಅದು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತಕ್ಕೂ ಮೇಲ್ಪಟ್ಟು ಶಾಖವನ್ನು ಪಾತ್ರೆಗಳಿಗೆ ಮುಟ್ಟಿಸಿತು. 1983ರಲ್ಲಿ ಭಾರತ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ ಸುಮಾರು ಎರಡು ದಶಕಗಳ ಕಾಲ ನಡೆಸಿತು.

ಇಂತಹ ಒಲೆಯ ಮುಖ್ಯ ಅಂಗಗಳು ನಾಲ್ಕು. ಒಂದು, ಉರಿಯು ಹೊರಗೆ ಚೆಲ್ಲದಂತೆ ಸುತ್ತಲೂ ಮುಚ್ಚಿದ ಉರಿಗೂಡು. ಎರಡು, ಸೌದೆಯ ಕೆಳಗೆ ಗಾಳಿಯಾಡಲೂ ಬೂದಿ ಉದುರಲೂ ಕಬ್ಬಿಣದ ಸರಳುಗಳ ಜಾಲರಿ. ಮೂರು, ಒಂದು ಪಾತ್ರೆಯನ್ನು ಮುಟ್ಟಿದ ಬಿಸಿಗಾಳಿಯು ಮುಂದಿನ ಪಾತ್ರೆಯ ತಳಕ್ಕೂ ತಾಗುವಂತೆ ಒಳದಾರಿ. ನಾಲ್ಕು, ಕಡೆಯ ಪಾತ್ರೆಯ ಹಿಂದೆ ಮೂರು ನಾಲ್ಕು ಅಂಗುಲ ಅಡ್ಡಗಲದ ಹೊಗೆಕೊಳವೆ. ಇದು ಮಾಡನ್ನು ದಾಟಿ ಎರಡಡಿಯಾದರೂ ಮೇಲಕ್ಕೆ ನಿಲ್ಲಬೇಕು. ಜಾಲರಿಯಿಂದ ಪಾತ್ರೆಯ ತಳಕ್ಕೆ ಒಂದು ಗೇಣಿಗಿಂತ ಹೆಚ್ಚು ಎತ್ತರವಿರಕೂಡದು. ಸೋಗೆಯ ಅಥವಾ ಹುಲ್ಲಿನ ಮಾಡಿನ ಮೂಲಕ ಕೊಳವೆಯನ್ನು ಒಯ್ಯುವುದು ಅಪಾಯಕರ. ಅಂತಹ ಮನೆಗಳಲ್ಲಿ ಅದನ್ನು ಗೋಡೆಯಿಂದ ಹೊರಕ್ಕೆ ಒಯ್ದು, ಮಾಡಿನ ಅಂಚಿನಿಂದ ಚೆನ್ನಾಗಿ ದೂರದಲ್ಲಿ ನಿಲ್ಲಿಸಬೇಕು.

ಈ ಒಲೆಗಳು ಅನೇಕ ಮನೆಗಳಲ್ಲಿ ಕೆಲವು ವರ್ಷಗಳೊಳಗೆ ಮೂಲೆಗೆ ಬಿದ್ದುವು. ಕೊಳವೆಯಲ್ಲಿ ಮಸಿ ತುಂಬಿದಾಗ ತೆಗೆಯುವವರಿರಲಿಲ್ಲ. ಪಾತ್ರೆಗಳು ಒಲೆಯ ಕಣ್ಣಿಗೆ ಹೊಂದುತ್ತಿರಲಿಲ್ಲ. ಬಿರುಕು ಬಿಟ್ಟಲ್ಲಿ ಮಣ್ಣು ಮೆತ್ತುವವರಿರಲಿಲ್ಲ. ಆದುದರಿಂದ ಒಲೆ ಹಾಕಿಸುವವರು ಮನೆಯ ಪಾತ್ರೆಗಳನ್ನೇ ಅಳತೆಗೆ ತೆಗೆದುಕೊಳ್ಳಬೇಕು. ಕೊಳವೆಯನ್ನು ತಿಂಗಳಿಗೊಮ್ಮೆ ಬಿದಿರ ತುದಿಗೆ ಗೋಣಿ ಸುತ್ತಿ ಶುಚಿಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಡಿಗೆ ಮಾಡುವವರನ್ನು ಕೇಳದೆ ಒಲೆಯನ್ನು ಹಾಕಿಸಕೂಡದು.

4. ರೊಟ್ಟಿಯ ಉರಿಯೂ ಭಟ್ಟಿಯ ಉರಿಯೂ

ಅನ್ನದ ಪಾತ್ರೆಗೆ ಬೇಕಾದ ಉರಿ ಬೇರೆ, ರೊಟ್ಟಿಗೆ ಬೇಕಾದ ಉರಿ ಬೇರೆ. ಜೋಳದ ರೊಟ್ಟಿಯನ್ನು ಕಾದ ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿಹಾಕಿ, ಕಡೆಗೆ ಕೆಂಡದ ಎದುರಿಗೆ ಒರಗಿಸಿ ಉಬ್ಬಿಸುವುದು ಈ ಸೀಮೆಯ ಪದ್ಧತಿ. ಬಾಯಿ ಕಿರಿದಾದ ಮುಚ್ಚಿದ ಒಲೆಯಲ್ಲಿ ಕೆಂಡವನ್ನು ಮುಂದಕ್ಕೆ ಎಳೆಯಲು ಬಾರದು. ಆದಕಾರಣ ರೊಟ್ಟಿ ತಿನ್ನುವ ಮನೆಗಳವರು ಅಂತಹ ಒಲೆಯನ್ನು ಒಪ್ಪುವುದು ಕಷ್ಟ. ಇದಕ್ಕೆ ಉಪಾಯವೇನೆಂದರೆ, ಉರಿಗೂಡಿನ ಬಾಯನ್ನು ಒಂದು ಗೇಣು ಅಗಲ ಬಿಟ್ಟು, ಅದರ ಮುಂದೆ ಕೆಂಡ ಎಳೆದುಕೊಳ್ಳಲು ಒಂದು ಚಪ್ಪಟೆಯ ಕಟ್ಟೆಯನ್ನು ಮಾಡಿ, ಬಾಯಿಗೆ ತೆಗೆದಿಡಬಹುದಾದ ತಗಡಿನ ಮುಚ್ಚಳವನ್ನು ಇಟ್ಟುಕೊಳ್ಳುವುದು. ರೊಟ್ಟಿಗೆ ತೊಗರಿ ಕಟ್ಟಿಗೆಯಂತಹ ತೆಳು ಉರುವಲು ಉತ್ತಮ. ಅದು ಬೇಗ ಹತ್ತಿ ಹಂಚಿಗೆ ಸಮನಾದ ಕಾವನ್ನು ಕೊಡುವುದು. ಮೆಕ್ಕೆಜೋಳದ ಬೆಂಡೂ ಚೆನ್ನಾಗಿ ಒಣಗಿದ್ದರೆ ಒಳ್ಳೆಯ ಕೆಂಡವಾಗುವುದು.

ಪೇಟೆಯ ಬೇಕರಿಗಳಲ್ಲಿ ಸೌದೆಯ ಭಟ್ಟಿಯು ಬೇರೊಂದು ತತ್ತ್ವದಿಂದ ನಡೆಯುವುದು. ಅಲ್ಲಿ ಇಟ್ಟಿಗೆಯ ಕಮಾನಿನೊಳಗೆ ಮೊದಲು ಸೌದೆಯನ್ನು ಉರಿಸಿ, ಕೆಂಡವನ್ನು ಹೊರಕ್ಕೆ ಅಥವಾ ಪಕ್ಕಕ್ಕೆ ಎಳೆದು, ಇಟ್ಟಿಗೆ ಹೀರಿಕೊಂಡ ಕಾವಿನಿಂದಲೇ ಬ್ರೆಡ್ಡನ್ನು ಬೇಯಿಸುವರು. ಕಾವು ಇಳಿದ ಮೇಲೆ ರಸ್ಕನ್ನು ಒಣಗಿಸುವರು. ಭಟ್ಟಿಯ ಗೋಡೆ ದಪ್ಪವಾಗಿದ್ದಷ್ಟೂ ಕಾವು ಬಹಳ ಹೊತ್ತು ನಿಲ್ಲುವುದು. ಇದನ್ನು ನೋಡಿ ಮನೆಯ ಒಲೆಯನ್ನೂ ದಪ್ಪ ಕಲ್ಲುಮಣ್ಣಿನಿಂದ ಕಟ್ಟಿದರೆ ಬಲವೆಂದು ಕೆಲವರು ಎಣಿಸುವರು. ಇದು ತಪ್ಪು. ಭಟ್ಟಿಯು ಹಲವು ಗಂಟೆಗಳು ನಡೆಯತಕ್ಕದ್ದು. ಮನೆಯ ಒಲೆ ಹೊತ್ತಿಗೆ ಒಂದು ಗಂಟೆ ಉರಿದು ಆರತಕ್ಕದ್ದು. ದಪ್ಪ ಗೋಡೆಯು ಕಾಯುವುದರೊಳಗೆ ಅಡಿಗೆಯೇ ಮುಗಿದಿರುತ್ತದೆ. ಗೋಡೆ ಕುಡಿದ ಕಾವು ವ್ಯರ್ಥವೇ ಸರಿ. ಮನೆಯ ಉರಿಗೂಡಿನ ಒಳಮೈಗೆ ಬತ್ತದ ಹೊಟ್ಟನ್ನೂ ಬೂದಿಯನ್ನೂ ಬೆರೆಸಿದ ಹಗುರವಾದ ಮಣ್ಣನ್ನು ಬಳಿದರೆ ಕಾವು ಗೋಡೆಗೆ ಇಳಿಯುವುದು ಕಡಮೆಯಾಗುವುದು.

5. ಬಚ್ಚಲ ಹಂಡೆ

ಮನೆಯ ಸೌದೆಯಲ್ಲಿ ದೊಡ್ಡ ಪಾಲು ಬಚ್ಚಲಿಗೆ ಹೋಗುವುದೆಂಬುದನ್ನು ಅನೇಕರು ಗಮನಿಸುವುದಿಲ್ಲ. ಲೆಕ್ಕವು ಹೀಗಿದೆ: 40 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು 1,400 ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಕಿಲೋಗ್ರಾಂ ಒಣ ಸೌದೆಯಲ್ಲಿ 3,500 ಇರುವುದರಿಂದ, ಯಾವ ನಷ್ಟವೂ ಇಲ್ಲದಿದ್ದರೆ 400 ಗ್ರಾಂ ಸೌದೆ ಸಾಕು. ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿಗೆ ಮುಟ್ಟಿಸುವ ಒಲೆಯಲ್ಲಿ ಇದೇ ಕೆಲಸಕ್ಕೆ 4 ಕಿಲೋಗ್ರಾಂ ಬೇಕು. ಹತ್ತರಲ್ಲಿ ಮೂರು ಪಾಲು ಮುಟ್ಟಿಸುವುದರಲ್ಲಿ ಸುಮಾರು 1.3 ಕಿಲೋಗ್ರಾಂ ಸಾಕು. ದಿನಕ್ಕೆ ಉಳಿಯುವುದು 2.7 ಕಿಲೋಗ್ರಾಂ, ವರ್ಷಕ್ಕೆ ಸುಮಾರು ಒಂದು ಟನ್ನು.

ಹಂಡೆಗೆ ಸರಿಯಾದ ಮುಚ್ಚಳವನ್ನು ಇಡುವುದು, ತಳದ ಮಸಿಯನ್ನು ಕೆರೆದು ತೆಗೆಯುವುದು, ಹಂಡೆಯ ಸುತ್ತಲೂ ಬಿಸಿಗಾಳಿ ಸುತ್ತಿ ಹೊಗೆಕೊಳವೆಗೆ ಹೋಗುವಂತೆ ಕಟ್ಟುವುದು, ಒಲೆಯ ಬಾಯನ್ನು ಚಿಕ್ಕದು ಮಾಡುವುದು, ಇವು ಖರ್ಚಿಲ್ಲದ ಕೆಲಸಗಳು. ಶಕ್ತಿಯುಳ್ಳವರು ಬಿಸಿಲಿನಿಂದ ನೀರು ಕಾಯಿಸುವ ಸಾಧನವನ್ನು ಮಾಡಿನ ಮೇಲೆ ಇರಿಸಿಕೊಂಡರೆ ವರ್ಷದ ಹೆಚ್ಚಿನ ದಿನಗಳಲ್ಲಿ ಬಚ್ಚಲಿಗೆ ಸೌದೆಯೇ ಬೇಡ. ಬಿಸಿಲಿಗೆ ಕೊರತೆಯಿಲ್ಲದ ಜಗಳೂರಿನಲ್ಲಿ ಇದು ವಿಶೇಷವಾಗಿ ಪ್ರಯೋಜನಕರವು.

6. ಚಳಿಯ ಬೆಂಕಿ, ಹೊಗೆಯ ಕೇಡು

ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಮನೆಯೊಳಗೆ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದು, ಬಾಣಂತಿಯ ಕೋಣೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೆಂಡವನ್ನಿಡುವುದು ಕೆಲವೆಡೆ ರೂಢಿಯಲ್ಲಿದೆ. ಕೆಂಡದಿಂದ ಹೊಗೆ ಕಾಣದಿದ್ದರೂ ಇಂಗಾಲದ ಮಾನಾಕ್ಸೈಡೆಂಬ ವಿಷವಾಯು ಹೊರಡುತ್ತಿರುವುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಎಚ್ಚರವಿಲ್ಲದೆ ಪ್ರಾಣ ಕಳೆದುಕೊಳ್ಳುವರು. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನಿಟ್ಟು ಮಲಗುವುದನ್ನು ಯಾರೂ ಎಂದಿಗೂ ಮಾಡಕೂಡದು. ಮಲಗುವ ಮೊದಲು ಅಗ್ಗಿಷ್ಟಿಕೆಯನ್ನು ಹೊರಗಿಡತಕ್ಕದ್ದು. ಚಳಿಗೆ ಕಂಬಳಿಯೇ ಸುರಕ್ಷಿತವು.

ದಿನದಿನದ ಹೊಗೆಯು ಒಮ್ಮೆಲೇ ಕೊಲ್ಲದಿದ್ದರೂ ನಿಧಾನವಾಗಿ ಕೊಲ್ಲುವುದು. ಮನೆಯೊಳಗಿನ ಹೊಗೆಯ ದೆಸೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನರು ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಉಬ್ಬಸ, ಎದೆಯ ಹಾಗೂ ಹೃದಯದ ರೋಗಗಳು, ಕಣ್ಣಿನ ಪೊರೆ ಇವು ಹೊಗೆಯಿಂದ ಹೆಚ್ಚುವುವು. ಬೀಡಿಯನ್ನು ಎಂದೂ ಮುಟ್ಟದ ಮುದುಕಿಯು ಕೆಮ್ಮುತ್ತಿದ್ದರೆ ಕಾರಣವನ್ನು ಅಡಿಗೆಮನೆಯ ಜಂತಿಯಲ್ಲಿ ಹುಡುಕಬೇಕು. ಹೊಗೆಕೊಳವೆ ಹಾಕಿಸಲಾರದವರು ಒಲೆಯ ಮೇಲ್ಭಾಗದಲ್ಲಿ ಬೆಳಕಿಂಡಿಯನ್ನಾದರೂ ತೆಗೆಸಬೇಕು. ಕೂಸುಗಳನ್ನು ಒಲೆಯ ಬಳಿ ಮಲಗಿಸಕೂಡದು. ದಿನದ ಅಡಿಗೆಗೆ ಅನಿಲದ ಒಲೆ ಇರುವವರು ಅದನ್ನು ಅತಿಥಿಗಳು ಬಂದಾಗ ಚಹಾ ಕಾಯಿಸುವುದಕ್ಕೆಂದು ಕಾದಿಡದೆ ನಿತ್ಯವೂ ಉಪಯೋಗಿಸುವುದು ಎಲ್ಲಕ್ಕಿಂತ ಮೇಲು.

7. ಕುಳ್ಳಿನ ಬೆಲೆ

ಒಣಗಿದ ಸಗಣಿಯಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಸಾರಜನಕವಿರುವುದು. ಒಂದು ಮನೆಯಲ್ಲಿ ದಿನಕ್ಕೆ 4 ಕಿಲೋಗ್ರಾಂ ಕುಳ್ಳು ಉರಿಯುವುದೆಂದು ಇಟ್ಟುಕೊಂಡರೆ ವರ್ಷಕ್ಕೆ 1,460 ಕಿಲೋಗ್ರಾಂ ಆಯಿತು. ಅದರಲ್ಲಿರುವ ಸಾರಜನಕವು ಸುಮಾರು 22 ಕಿಲೋಗ್ರಾಂ. 45 ಕಿಲೋಗ್ರಾಮಿನ ಒಂದು ಚೀಲ ಯೂರಿಯಾದಲ್ಲಿರುವುದು 20.7 ಕಿಲೋಗ್ರಾಂ. ಕುಳ್ಳು ಉರಿದಾಗ ಸಾರಜನಕವೆಲ್ಲ ಗಾಳಿಗೆ ಹೋಗುವುದು. ಗುಂಡಿಯಲ್ಲಿ ಕೊಳೆಯುವಾಗಲೂ ಸ್ವಲ್ಪ ಭಾಗ ನಷ್ಟವಾಗುವುದು ನಿಜ; ಆದರೆ ಉಳಿದದ್ದು ಹೊಲಕ್ಕೆ ಸೇರುವುದು. ಮೇಲಾಗಿ ಯೂರಿಯಾದ ಚೀಲವು ಕೊಡಲಾರದ ಒಂದು ಪದಾರ್ಥವು ಸಗಣಿಯಲ್ಲಿದೆ: ಮಣ್ಣನ್ನು ಸಡಿಲಮಾಡಿ ತೇವವನ್ನು ಹಿಡಿದಿಡುವ ಕೊಳೆತ ಸಾವಯವ ಅಂಶ. ಮಳೆ ಹದಿನೈದು ದಿನ ತಡೆದಾಗ ಗೊಬ್ಬರ ಕಂಡ ಹೊಲದ ಪೈರು ನಿಲ್ಲುವುದೂ ಕಾಣದ ಹೊಲದ ಪೈರು ಬಾಡುವುದೂ ಇದರಿಂದಲೇ.

ನಾಲ್ಕೈದು ದನಗಳುಳ್ಳವರು ಸಗಣಿಯಿಂದ ಉರಿಯನ್ನೂ ಗೊಬ್ಬರವನ್ನೂ ಎರಡನ್ನೂ ಪಡೆಯಬಹುದು. ದಿನಕ್ಕೆ 50 ಕಿಲೋಗ್ರಾಂ ಹಸಿ ಸಗಣಿಯು ಎರಡು ಘನ ಮೀಟರಿನ ಗೋಬರ್ ಅನಿಲದ ಗುಂಡಿಗೆ ಸಾಕು. ಅನಿಲವು ಒಲೆಗೆ ಬರುವುದು. ಸಾರಜನಕವು ಬಗ್ಗಡದಲ್ಲಿ ಉಳಿದು ಹೊಲಕ್ಕೆ ಹೋಗುವುದು.

8. ಸೌದೆಯನ್ನು ಬೆಳೆಯತಕ್ಕ ಬಗೆ

ಕುಳ್ಳು ಉರಿಸಬೇಡಿರೆಂದು ಹೇಳಿ ಸೌದೆಯ ದಾರಿ ತೋರಿಸದಿದ್ದರೆ ಉಪದೇಶವು ವ್ಯರ್ಥ. ಮರಗಳಿಗಾಗಿ ಒಳ್ಳೆಯ ಹೊಲವನ್ನು ಬಿಡಬೇಕಾದುದಿಲ್ಲ. ಬದುಗಳು, ಹಳ್ಳದ ದಡ, ಕಣದ ಸುತ್ತ ಇವು ಸಾಕು. ಹೊಂಗೆಯು ನಾಲ್ಕು ತಾಲ್ಲೂಕುಗಳಿಗೂ ಒಪ್ಪುವುದು. ಅದರ ಸೊಪ್ಪು ಗೊಬ್ಬರಕ್ಕೆ, ಬೀಜ ಎಣ್ಣೆಗೆ, ಕೊಂಬೆ ಒಲೆಗೆ. ಗೊಬ್ಬರದ ಗಿಡವೆನ್ನುವ ಗ್ಲಿರಿಸಿಡಿಯವನ್ನು ಬೇಲಿಯ ಸಾಲಿನಲ್ಲಿ ಕೋಲು ನೆಟ್ಟು ಬೆಳೆಸಬಹುದು. ಸೊಪ್ಪು ತೆಗೆದ ಮೇಲೆ ಉಳಿಯುವ ಕಡ್ಡಿಗಳು ಒಣಗಿದರೆ ಒಳ್ಳೆಯ ಉರುವಲು. ಒಣ ಸೀಮೆಗೆ ಬೇವು ಮತ್ತು ಕರಿಜಾಲಿ, ನೀರಿನ ಆಸರೆಯಿರುವಲ್ಲಿ ಸರ್ವೆ ಉತ್ತಮ. ಬಳ್ಳಾರಿ ಜಾಲಿಯು ಉರುವಲಿಗೆ ಬಹು ಒಳ್ಳೆಯದಾದರೂ ತಾನೇ ಹಬ್ಬಿ ಹುಲ್ಲುಗಾವಲನ್ನು ನುಂಗುವುದರಿಂದ ಇದ್ದದ್ದನ್ನು ಕಡಿದು ಉಪಯೋಗಿಸತಕ್ಕದ್ದೇ ಹೊರತು ಹೊಸದಾಗಿ ಬೆಳೆಸಕೂಡದು. ಮರವನ್ನು ಬುಡಸಹಿತ ಕಡಿಯದೆ ಕೊಂಬೆಗಳನ್ನು ಸರದಿಯಂತೆ ಸವರಿದರೆ ಪ್ರತಿ ವರ್ಷವೂ ಸೌದೆ ದೊರೆಯುವುದು.

ಅಡಿಕೆ ಸಿಪ್ಪೆಯನ್ನು ರಸ್ತೆಯ ಬದಿಯಲ್ಲಿ ಸುರಿದು ಸುಡುವ ವಾಡಿಕೆಯೂ ಕೆಲವೆಡೆ ಇದೆ. ಹೊಗೆಯ ಹೊರತು ಅದರಿಂದ ಯಾರಿಗೂ ಏನೂ ದೊರೆಯದು. ಅದನ್ನು ಸಗಣಿ ಬಗ್ಗಡದೊಡನೆ ಪದರಪದರವಾಗಿ ಗುಂಡಿಗೆ ಹಾಕಿ ಕೊಳೆಸಿ ತೋಟಕ್ಕೆ ಹಿಂದಿರುಗಿಸಬೇಕು.

9. ಬೂದಿಯೂ ಬಣವೆಯೂ

ಸೌದೆಯ ಬೂದಿಯಲ್ಲಿ ಪೊಟ್ಯಾಷೂ ಸುಣ್ಣವೂ ಇರುವುವು. ಅದನ್ನು ತೆಂಗಿನ ಬುಡಕ್ಕೂ ಹುಳಿಗುಣದ ಕೆಂಪು ಮಣ್ಣಿನ ತೋಟಕ್ಕೂ ಮಿತವಾಗಿ ಹಾಕಬಹುದು. ಸುಣ್ಣಕಲ್ಲು ಬೆರೆತ ಕಪ್ಪು ನೆಲಕ್ಕೆ ಬೇಕಾಗಿಲ್ಲ. ಹಸಿ ಸಗಣಿ ಗಂಜಲಗಳೊಡನೆ ಬೂದಿಯನ್ನು ಬೆರೆಸಿದರೆ ಸಾರಜನಕವು ಅಮೋನಿಯವಾಗಿ ಹಾರಿಹೋಗುವುದರಿಂದ ಎರಡನ್ನೂ ಬೇರೆಬೇರೆಯಾಗಿ ಇಡತಕ್ಕದ್ದು.

ಬೂದಿಯಲ್ಲಿ ಕೆಂಡವು ರಾತ್ರಿಯೆಲ್ಲ ಜೀವ ಹಿಡಿದಿರಬಲ್ಲದು. ಬೆಳಗ್ಗೆ ಅದನ್ನು ಹಿತ್ತಿಲಿಗೆ ಎಸೆದಾಗ ಗಾಳಿ ಎದ್ದರೆ ಒಂದು ಕಿಡಿಯಿಂದ ವರ್ಷದ ಮೇವಿನ ಬಣವೆಯೂ ಪಕ್ಕದ ಕೊಟ್ಟಿಗೆಯೂ ಹೋಗುವುವು. ಬೂದಿಗೆ ನೀರು ಚಿಮುಕಿಸಿ ತಗಡಿನ ಡಬ್ಬದಲ್ಲಿ ಒಂದು ದಿನವಿಟ್ಟು ಆಮೇಲೆ ಹಾಕಬೇಕು. ಬಣವೆಗಳನ್ನು ಮನೆಗೂ ಒಲೆಗೂ ದೂರವಾಗಿಯೂ ಒಂದಕ್ಕೊಂದು ಅಂತರವಿಟ್ಟೂ ಒಟ್ಟಬೇಕು.

10. ಗ್ರಾಮದ ಮುಖಂಡರು ಮಾಡತಕ್ಕ ಕೆಲಸ

ಮೊದಲು ತೂಕ, ಆಮೇಲೆ ಮಾತು. ಮುಖಂಡರು ತಮ್ಮ ಮನೆಯಲ್ಲಿಯೇ ಒಂದು ವಾರ ಪ್ರತಿದಿನ ಒಲೆಗೆ ಹೋಗುವ ಸೌದೆಯನ್ನೂ ಕುಳ್ಳನ್ನೂ ತೂಗಿಸಿ ಬರೆದಿಡಲಿ. ಮುಂದಿನ ವಾರ ಒಣ ಸೌದೆ, ಮುಚ್ಚಳವಿಟ್ಟ ಪಾತ್ರೆ, ಜಾಲರಿ ಹಾಕಿದ ಒಲೆ ಇವುಗಳಿಂದ ಅದೇ ಅಡಿಗೆಯನ್ನು ಮಾಡಿಸಿ ಮತ್ತೆ ತೂಗಿಸಲಿ. ಎರಡು ಅಂಕಿಗಳಿಗೂ ಇರುವ ವ್ಯತ್ಯಾಸವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಅದು ನೂರು ಉಪನ್ಯಾಸಗಳಿಗಿಂತ ಹೆಚ್ಚು ಕೆಲಸ ಮಾಡುವುದು. ಆ ಸಭೆಗೆ ಅಡಿಗೆ ಮಾಡುವ ಹೆಂಗಸರನ್ನು ತಪ್ಪದೆ ಕರೆಯಬೇಕು; ಒಲೆಯ ಗುಣದೋಷಗಳನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಊರಿನಲ್ಲಿ ಒಲೆ ಹಾಕಲು ಕೈಯುಳ್ಳ ಇಬ್ಬರನ್ನು ಆರಿಸಿ, ಅವರಿಂದ ಐದಾರು ಮನೆಗಳಲ್ಲಿ ಒಲೆ ಹಾಕಿಸಿ, ಒಂದು ವರ್ಷ ನಡೆದುದನ್ನು ನೋಡಿ ಮಿಕ್ಕ ಮನೆಗಳಿಗೆ ಹಬ್ಬಿಸುವುದು ವಿಹಿತವು. ಮುಂಗಾರಿನಲ್ಲಿ ಪ್ರತಿ ಹಿಡುವಳಿದಾರನೂ ತನ್ನ ಬದುವಿನಲ್ಲಿ ಹತ್ತು ಹೊಂಗೆಯ ಸಸಿಗಳನ್ನಾದರೂ ನೆಟ್ಟು, ಎರಡು ಬೇಸಿಗೆ ಆಡುಕುರಿಗಳಿಂದ ಕಾಪಾಡಲಿ.

ಸೌದೆ ಬದುವಿನಿಂದ ಬರಲಿ. ಸಗಣಿ ಗುಂಡಿಗೆ ಹೋಗಲಿ. ಹೊಗೆ ಮಾಡಿನ ಮೇಲೆ ಹೋಗಲಿ. ಈ ಮೂರು ನಡೆದ ಊರಿನಲ್ಲಿ ಹೊಲವೂ ಕಾಡೂ ಹೆಂಗಸರ ಆರೋಗ್ಯವೂ ಒಟ್ಟಿಗೆ ಉಳಿಯುವುವು.